ಗುಳ್ಳೆ ಅಕ್ಕ ನೀರಿಗಿಳಿದದ್ದು

ಬಂದರಿನ ಹಿಂದಿನ ಬೀದಿಯಲ್ಲಿ, ಸಮುದ್ರದ ತಳ ನೋಡಲು ಹೋಗುವವರಿಗೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯೊಂದಿದೆ. ಮುಂದಿನ ಕೋಣೆಯಲ್ಲಿ ಕಪ್ಪು ರಬ್ಬರಿನ ಸೂಟುಗಳು ಸಾಲಾಗಿ ನೇತಾಡುತ್ತವೆ. ಹಿಂದಿನ ಕೋಣೆಯಲ್ಲಿ ಗಾಳಿಯ ಸಿಲಿಂಡರುಗಳು, ಒಂದು ಉದ್ದನೆಯ ಮೇಜು, ಮೂಲೆಯಲ್ಲಿ ಸಿಮೆಂಟಿನ ತೊಟ್ಟಿ. ಆ ಮೇಜಿನ ಒಡತಿಗೆ ಗುಳ್ಳೆ ಅಕ್ಕ ಎಂದು ಹೆಸರು. ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದನ್ನು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಅವಳ ಅಪ್ಪನದು ಸೈಕಲ್ ಅಂಗಡಿ. ಅಕ್ಷರ ಕಲಿಯುವ ಮೊದಲೇ ಅವಳು ಪಂಕ್ಚರ್ ಹಾಕಲು ಕಲಿತಿದ್ದಳು. ಟ್ಯೂಬಿಗೆ ಗಾಳಿ ತುಂಬಿ ಬಾಣಲೆಯ ನೀರಿನಲ್ಲಿ ಅದ್ದುವುದು, ಗುಳ್ಳೆ ಏಳುವ ಜಾಗಕ್ಕೆ ಬೆರಳಿಡುವುದು, ಇದು ಅವಳ ಬಾಲ್ಯದ ಆಟವೂ ಹೌದು, ಕೆಲಸವೂ ಹೌದು. ಒಂದು ದಿನ ಮುಳುಗು ಅಂಗಡಿಯ ಯಜಮಾನರು ಸೋರುವ ಪೈಪೊಂದನ್ನು ಹಿಡಿದು, ಎಲ್ಲೂ ಸರಿಯಾಗದೆ, ಕೊನೆಗೆ ಇಲ್ಲಿಗೆ ಬಂದರು. ಹುಡುಗಿ ಅದನ್ನೂ ಬಾಣಲೆಯಲ್ಲಿ ಅದ್ದಿ ತೂತು ಹುಡುಕಿ ಕೊಟ್ಟಳು. ಅಪ್ಪ ಅಂಗಡಿ ಮುಚ್ಚಿದ ಮೇಲೆ ಯಜಮಾನರೇ ಅವಳನ್ನು ಕರೆಸಿಕೊಂಡರು, ದೂರದ ಊರಿಗೆ ಕಳಿಸಿ ಈ ಸಾಮಾನುಗಳ ರಿಪೇರಿ ಕಲಿಸಿದರು. ಅಲ್ಲಿಂದಾಚೆ ಯಾವ ಪೈಪು ಬರಲಿ, ಯಾವ ಜಾಕೆಟ್ಟು ಬರಲಿ, ತೊಟ್ಟಿಯಲ್ಲಿ ಮುಳುಗಿಸಿ ನೋಡದೆ ಅವಳು ಹೊರಗೆ ಬಿಟ್ಟದ್ದಿಲ್ಲ. “ಗುಳ್ಳೆ ಸುಳ್ಳು ಹೇಳಲ್ಲ” ಎನ್ನುವುದು ಅವಳ ಮಾತು. ಹೆಸರು ಬಂದದ್ದು ಅಲ್ಲಿಂದ.

ಇಷ್ಟೆಲ್ಲ ಇದ್ದೂ ಗುಳ್ಳೆ ಅಕ್ಕ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದವಳಲ್ಲ. ಭಯವೇನೂ ಇರಲಿಲ್ಲ. ಚಿಕ್ಕಂದಿನಲ್ಲಿ ಯಾರೂ ಈಜು ಕಲಿಸಲಿಲ್ಲ, ದೊಡ್ಡವಳಾದ ಮೇಲೆ ಕೇಳಲು ನಾಚಿಕೆಯಾಯಿತು, ಆಮೇಲೆ ನೆನಪೇ ಆಗಲಿಲ್ಲ. ಅಂಗಡಿಯ ಡೈವರುಗಳು ಹಾಸ್ಯ ಮಾಡುತ್ತಿದ್ದರು. ಅವಳು ಕೂಡಲೇ ತಿರುಗಿಸಿ ಹೇಳುತ್ತಿದ್ದಳು, ಚಪ್ಪಲಿ ಹೊಲಿಯುವವನು ಊರೆಲ್ಲ ನಡೆದಾಡಬೇಕೇ ಎಂದು.

ಮದುವೆಯಾಗಿರಲಿಲ್ಲ. ತಮ್ಮನ ಸಂಸಾರದ ಜೊತೆ ಇದ್ದಳು. ತಮ್ಮ ಬಸ್ಸಿನ ಡ್ರೈವರ್. ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಸೋಫಾದ ಹೊದಿಕೆ, ಕಿಟಕಿಯ ಪರದೆ ಹೊಲಿಯುತ್ತಿದ್ದಳು. ಅವರಿಗೆ ಎಂಟು ತುಂಬಿದ ಒಬ್ಬಳೇ ಮಗಳು. ಬೆಳಿಗ್ಗೆ ಕಣ್ಣು ಬಿಟ್ಟರೆ ರಾತ್ರಿ ಕಣ್ಣು ಮುಚ್ಚುವವರೆಗೆ ಏನಾದರೊಂದಕ್ಕೆ ರಾಗ ಎಳೆಯುತ್ತಲೇ ಇರುವುದರಿಂದ ಅವಳಿಗೆ ಅಪ್ಪನೇ ಪಿಟೀಲು ಎಂದು ಹೆಸರಿಟ್ಟಿದ್ದ. ಪಿಟೀಲಿಗೆ ಮೇಲಿನ ಎರಡು ಹಲ್ಲು ಬಿದ್ದು ಹೊಸದು ಇನ್ನೂ ಇಣುಕಿರಲಿಲ್ಲ. ಈಜುವುದರಲ್ಲಿ ಮಾತ್ರ ಮೀನು. ಅಂಗಡಿಯ ಪಕ್ಕದಲ್ಲೇ ಇದ್ದ ಈಜುಕೊಳದಿಂದ ಅವಳನ್ನು ಎಬ್ಬಿಸಿ ತರಲು ದಿನವೂ ಒಂದು ಯುದ್ಧವಾಗುತ್ತಿತ್ತು.

ಆ ಕೊಳದಲ್ಲಿ ಕಲಿಸುತ್ತಿದ್ದ ಈಜು ಟೀಚರಿಗೆ ಒಂದು ಯೋಚನೆ ಬಂತು. ಚೆನ್ನಾಗಿ ಈಜಬಲ್ಲ ಮಕ್ಕಳಿಗೆ, ಕೊಳದ ಆಳವಿಲ್ಲದ ಕಡೆಯಲ್ಲಿ, ನೀರಿನೊಳಗೆ ಉಸಿರಾಡುವುದನ್ನು ತೋರಿಸಿಕೊಟ್ಟರೆ ಹೇಗೆ ಎಂದು. ಒಂದೊಂದು ಮಗುವಿಗೂ ಒಬ್ಬೊಬ್ಬರು ದೊಡ್ಡವರು, ಕೈ ಬಿಡುವ ಹಾಗಿಲ್ಲ, ಡಾಕ್ಟರು ಕಿವಿ ಮೂಗು ಎದೆ ನೋಡಿ ಸರಿ ಎಂದಿರಬೇಕು. ಯಜಮಾನರು ಒಪ್ಪಿದರು. ತುಂಬ ಚಿಕ್ಕ ಅಳತೆಯ ಸಾಮಾನು ಎಂದು ಹೇಳಿ ಒಂದು ಪೆಟ್ಟಿಗೆ ತರಿಸಿದರು.

ಪೆಟ್ಟಿಗೆ ತೆರೆದಾಗಲೇ ಗುಳ್ಳೆ ಅಕ್ಕನಿಗೆ ಅನುಮಾನ ಬಂದಿತ್ತು. ಅಲ್ಲಿದ್ದದ್ದು ತೆಳ್ಳಗಿನ ದೊಡ್ಡವರ ಅಳತೆ, ಮಕ್ಕಳದ್ದಲ್ಲ. ಆದರೂ ಪಟ್ಟಿಗಳನ್ನೆಲ್ಲ ಕೊನೆಯವರೆಗೆ ಎಳೆದು, ಸಡಿಲಾದ ಕಡೆ ಟವೆಲು ತುರುಕಿ, ಪಿಟೀಲನ್ನು ಸಿದ್ಧ ಮಾಡಿದಳು. ಮೊದಲ ಸಲ ತನ್ನ ಸೋದರ ಸೊಸೆಯೇ ಇಳಿಯಬೇಕು ಎಂಬ ಹೆಮ್ಮೆ ಅವಳಿಗೆ. ಪಿಟೀಲಿಗಂತೂ ನೆಲದ ಮೇಲೆ ಕಾಲಿರಲಿಲ್ಲ.

ಬೆನ್ನಿಗೆ ಸಿಲಿಂಡರ್ ಬಿಗಿದು ಮಗುವನ್ನು ಸೊಂಟಮಟ್ಟದ ನೀರಿಗೆ ಇಳಿಸಿದರು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗಾಯಿತು. ಟೀಚರ್ ಒಂದು ಕೈ ಹಿಡಿದಿದ್ದ ಹಾಗೆಯೇ ಪಿಟೀಲು ಆಮೆಯಂತೆ ಬೆನ್ನಡಿಯಾಗಿ ಮಗುಚಿಕೊಂಡಳು. ಗಾಳಿ ತುಂಬಿದ ಜಾಕೆಟ್ಟು ಕಿವಿಯವರೆಗೆ ಏರಿತು, ತೇಲದಿರಲೆಂದು ಸೊಂಟಕ್ಕೆ ಕಟ್ಟಿದ್ದ ಸೀಸದ ಬೆಲ್ಟು ಜಾರಿ ಕಾಲ ಬಳಿ ಬಿತ್ತು, ಮಾಸ್ಕಿನೊಳಗೆ ನೀರು ನುಗ್ಗಿತು. ಉಸಿರೆಳೆಯಲು ಬಾಯಲ್ಲಿ ಕಚ್ಚಿಕೊಂಡಿದ್ದ ರಬ್ಬರು ಕಳಚಿತು. ಟೀಚರ್ ತಕ್ಷಣ ಎತ್ತಿ ನಿಲ್ಲಿಸಿದಳು. ಅಪಾಯವೇನೂ ಆಗಲಿಲ್ಲ, ಒಂದೆರಡು ಗುಟುಕು ನೀರು ಹೊಟ್ಟೆಗೆ ಹೋಗಿತ್ತು ಅಷ್ಟೆ. ಆದರೆ ಪಿಟೀಲು ಅಳಲಿಲ್ಲ, ರಾಗ ಎಳೆಯಲಿಲ್ಲ, ತುಟಿ ಪಿಟಿಕ್ಕೆನ್ನದೆ ಮೆಟ್ಟಿಲ ಮೇಲೆ ಕೂತಳು. ಎಲ್ಲರಿಗೂ ಗಾಬರಿಯಾದದ್ದು ಅದಕ್ಕೇ.

ಮನೆಗೆ ಬಂದು ಅವಳು ಹೇಳಿದ್ದು ಒಂದೇ ಮಾತು. “ಅತ್ತೆ, ಅದು ನಂದಲ್ಲ. ಬೇರೆ ಯಾರ್ದೋ. ನಂಗೆ ಬೇಡ.”

ತಮ್ಮನ ಹೆಂಡತಿ ಹೊಲಿಗೆ ನಿಲ್ಲಿಸಿ ಕೇಳಿಸಿಕೊಂಡಳು. ಅವಳು ಜಗಳಗಂಟಿಯಲ್ಲ, ಆದರೆ ಆ ದಿನ ಬಿಡಲಿಲ್ಲ. “ಅತ್ತಿಗೆ, ನೀವು ಇದ್ದೀರಿ ಅಂತ ನಾನು ಕಳಿಸ್ದೆ. ನೀರೊಳಗೆ ಹೇಗಿರುತ್ತೆ ಅಂತ ನಿಮಗಾದ್ರೂ ಏನು ಗೊತ್ತು? ನೀವು ಯಾವತ್ತು ಇಳಿದಿದ್ದೀರಿ?” ಎಂದಳು.

ಡೈವರುಗಳು ಇದೇ ಮಾತನ್ನು ಸಾವಿರ ಸಲ ಹೇಳಿದ್ದರು, ಆಗೆಲ್ಲ ಗುಳ್ಳೆ ಅಕ್ಕನಿಗೆ ನಗು ಬಂದಿತ್ತು. ಇವತ್ತು ನಗು ಬರಲಿಲ್ಲ. ಪೈಪು ಸೋರುತ್ತದೋ ಇಲ್ಲವೋ ಎಂದು ತೊಟ್ಟಿ ಹೇಳುತ್ತದೆ, ಮಗುವಿಗೆ ಏನನಿಸಿತು ಎಂದು ತೊಟ್ಟಿ ಹೇಗೆ ಹೇಳೀತು?

ಮರುದಿನ ಮಧ್ಯಾಹ್ನ ಕೊಳ ಖಾಲಿಯಿದ್ದ ಹೊತ್ತಿಗೆ ಅವಳು ಟೀಚರ ಬಳಿ ಹೋಗಿ ನಿಂತಳು. ತನ್ನನ್ನು ನೀರಿಗಿಳಿಸಬೇಕು ಎಂದಳು. ಟೀಚರ್ ಖುಷಿಪಟ್ಟು, ಅಳತೆಗೆ ಸರಿಯಾದ ಸೂಟು ತರುತ್ತೇನೆ ಎಂದು ಹೊರಟರೆ ಗುಳ್ಳೆ ಅಕ್ಕ ತಡೆದಳು. ಅವಳಿಗೆ ಬೇಕಾಗಿದ್ದದ್ದು ಅಳತೆಗೆ ಸರಿಯಿಲ್ಲದ್ದು. ಅಂಗಡಿಯಲ್ಲಿ ಆನೆ ಎಂದೇ ಕರೆಯುವ ಒಬ್ಬ ಡೈವರಿದ್ದ. ಬಾಗಿಲಲ್ಲಿ ಅಡ್ಡಡ್ಡ ಬರುವಂಥ ಆಳು. ಅವನ ಸೂಟು, ಅವನ ಜಾಕೆಟ್ಟು, ಅವನ ಮಾಸ್ಕು, ಅವನು ಬಳಸುವ ದೊಡ್ಡ ಸಿಲಿಂಡರು, ಎಲ್ಲವನ್ನೂ ತಾನೇ ಹೊತ್ತು ತಂದಿದ್ದಳು.

“ಪಿಟೀಲಿಗೆ ಏನಾಯ್ತೋ ನಂಗೂ ಅದೇ ಆಗ್ಬೇಕು. ನೀವು ಕೈ ಮಾತ್ರ ಬಿಡ್ಬೇಡಿ” ಎಂದಳು.

ಐವತ್ತರ ಹತ್ತಿರದ ಸಣಕಲು ಹೆಂಗಸು ಆನೆಯ ಸೂಟಿನೊಳಗೆ ನಿಂತದ್ದನ್ನು ನೋಡಿ ಟೀಚರಿಗೆ ನಗು ತಡೆಯಲಾಗಲಿಲ್ಲ. ತೋಳುಗಳು ಮಂಡಿಯವರೆಗೆ ಜೋಲುತ್ತಿದ್ದವು. ಸೊಂಟದ ಬಳಿ ಇನ್ನೊಬ್ಬರಿಗೆ ಜಾಗವಿತ್ತು. ಆದರೆ ನೀರಿಗಿಳಿದ ಮೇಲೆ ನಗು ನಿಂತಿತು. ಕುತ್ತಿಗೆಯ ಸಂದಿಯಿಂದ ತಣ್ಣೀರು ಒಳನುಗ್ಗಿ ಬೆನ್ನಿನಗುಂಟ ಹರಿದಾಗ ಗುಳ್ಳೆ ಅಕ್ಕನ ಉಸಿರೇ ನಿಂತಂತಾಯಿತು. ಸಿಲಿಂಡರು ಯಾರೋ ಹಿಂದಿನಿಂದ ಜಡೆ ಹಿಡಿದೆಳೆದಂತೆ ಎಳೆಯಿತು. ಕೊಳದ ಛಾವಣಿ ಗಿರ್ರನೆ ತಿರುಗಿ ಅವಳ ಮುಖದ ಮುಂದೆ ಬಂತು. ಮೈಮೇಲಿದ್ದದ್ದು ಒಂದೂ ಅವಳ ಮಾತು ಕೇಳಲಿಲ್ಲ. ಬಾಯಿಯ ರಬ್ಬರು ದವಡೆಯನ್ನು ಬಲಕ್ಕೆ ಜಗ್ಗಿ ವಸಡಿಗೆ ಒತ್ತಿತು. ಟೀಚರ ಕೈಯೊಂದೇ ಗಟ್ಟಿ, ಉಳಿದದ್ದೆಲ್ಲ ತೇಲುವ ಗಂಟುಮೂಟೆ.

ಮೇಲೆ ಬಂದು ಅವಳು ಮೆಟ್ಟಿಲ ಮೇಲೆ ಕೂತಳು. ಪಿಟೀಲೂ ಹಿಂದಿನ ದಿನ ಇದೇ ಮೆಟ್ಟಿಲ ಮೇಲೆ ಹೀಗೇ ಕೂತಿದ್ದಳು. ಗುಳ್ಳೆ ಅಕ್ಕ ಮಾಸ್ಕಿನ ನೀರು ಚೆಲ್ಲಿ ಎಂದಳು, “ಇನ್ನೊಂದ್ಸಲ ಇಳಿಸಿ. ಈ ಸಲ ಎಲ್ಲೆಲ್ಲಿ ಎಳೆಯುತ್ತೆ ಅಂತ ನೋಡ್ಕೋತೀನಿ.”

ಆ ವಾರ ಅವಳು ಮೂರು ನಾಲ್ಕು ಸಲ ಇಳಿದಳು. ಜೊತೆಗೆ ತನಗೇ ಗೊತ್ತಿಲ್ಲದೆ ನೀರಲ್ಲಿ ಕಾಲು ಬಡಿಯಲೂ ಕಲಿತಳು.

ಆಮೇಲೆ ಮೇಜಿನ ಮೇಲೆ ಕೆಲಸ ಶುರುವಾಯಿತು. ಗುಳ್ಳೆ ಅಕ್ಕ ಮೊದಲೇ ಒಂದು ಗೆರೆ ಎಳೆದಳು. ಗಾಳಿ ಬರುವ ದಾರಿಗೆ, ಅಂದರೆ ವಾಲ್ವು, ಪೈಪಿನ ಒಳಭಾಗಕ್ಕೆ ಕೈ ಹಾಕುವ ಹಾಗಿಲ್ಲ. ಅದು ತಯಾರಿಸಿದವರಲ್ಲಿ ಹೇಗೆ ತಯಾರಾಗಿದೆಯೋ ಹಾಗೇ ಇರಬೇಕು. ಮಗುವಿನ ಮೈಗೆ ತಾಗುವುದು ಮಾತ್ರ ತನ್ನ ಪಾಲು. ಬೆನ್ನಿಗೆ ದೊಡ್ಡ ಸಿಲಿಂಡರಿನ ಬದಲು, ಡೈವರುಗಳು ತುರ್ತಿಗೆಂದು ಜೊತೆಗೆ ಒಯ್ಯುವ ಪುಟ್ಟ ಸಿಲಿಂಡರು ಸಾಕು ಎಂದಾಯಿತು. ಮೊಣಕೈ ಉದ್ದದ್ದು, ಆಳವಿಲ್ಲದ ನೀರಿನಲ್ಲಿ ಸ್ವಲ್ಪ ಹೊತ್ತಿನ ಪಾಠಕ್ಕೆ ಅದರ ಗಾಳಿ ಧಾರಾಳ. ದವಡೆ ಜಗ್ಗದ ಹಾಗೆ ಪೈಪನ್ನು ಭುಜದ ಮೇಲಿನಿಂದ ತರದೆ ಕಂಕುಳ ಕೆಳಗಿನಿಂದ ತಂದಳು. ಬಾಯಿಗೆ ಹಲವು ಬಗೆಯ ಮೆತ್ತನೆಯ ರಬ್ಬರುಗಳನ್ನು ತರಿಸಿ, ಅತಿ ಚಿಕ್ಕದನ್ನು ಆರಿಸಿ, ವಸಡಿಗೆ ಒತ್ತುವ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿ ಉಜ್ಜಿ ನಯ ಮಾಡಿದಳು. ಮುಂದಿನ ಹಲ್ಲಿಲ್ಲದಿದ್ದರೂ ತೊಂದರೆಯಿಲ್ಲ, ಅದನ್ನು ಪಕ್ಕದ ಹಲ್ಲುಗಳಲ್ಲಿ ಕಚ್ಚಬೇಕು ಎನ್ನುವುದು ಅವಳಿಗೆ ತನ್ನ ಬಾಯಲ್ಲೇ ಗೊತ್ತಾಗಿತ್ತು.

ಸೀಸದ ಬೆಲ್ಟಿನದು ದೊಡ್ಡ ಸಮಸ್ಯೆ. ಬೆಲ್ಟು ನಿಲ್ಲಲು ಸೊಂಟ ಬೇಕು, ಎಂಟು ವರ್ಷದ ಮಕ್ಕಳಿಗೆ ಸೊಂಟ ಎಲ್ಲಿರುತ್ತದೆ? ಎದೆಯಿಂದ ತೊಡೆಯವರೆಗೆ ಒಂದೇ ಕಂಬ. ಜಾಕೆಟ್ಟಿನ ಮುಂಭಾಗದಲ್ಲಿ ಎರಡು ಪುಟ್ಟ ಜೇಬು ಹೊಲಿಸಿ ಸೀಸದ ಬಿಲ್ಲೆಗಳನ್ನು ಅಲ್ಲಿಟ್ಟರೆ, ಬೆನ್ನಿನ ಭಾರಕ್ಕೆ ಎದುರು ಭಾರವಾಗುತ್ತದೆ, ಮಗು ಮಗುಚುವುದಿಲ್ಲ. ಬೇಕೆಂದಾಗ ಒಂದೇ ಎಳೆತಕ್ಕೆ ಜೇಬು ಬಿಚ್ಚಿ ಬಿಲ್ಲೆ ಬೀಳುವಂತಿರಬೇಕು. ಜಾಕೆಟ್ಟು ಕಿವಿಗೆ ಏರದಂತೆ ಕಾಲಿನ ನಡುವೆ ಒಂದು ಪಟ್ಟಿ ಬೇಕು. ಹೊಲಿಯುವವರಾರು?

ತಮ್ಮನ ಹೆಂಡತಿಯನ್ನು ಕೇಳಲು ಗುಳ್ಳೆ ಅಕ್ಕನಿಗೆ ಬಾಯಿ ಬರಲಿಲ್ಲ. ಕೇಳಬೇಕಾಗಿಯೂ ಬರಲಿಲ್ಲ. ಅತ್ತಿಗೆ ಆನೆಯ ಸೂಟು ಹಾಕಿಕೊಂಡು ಆಮೆಯಾದ ಕಥೆ ಟೀಚರ ಬಾಯಿಂದ ಬೀದಿಗೆಲ್ಲ ಹಬ್ಬಿ ಮನೆಗೂ ತಲುಪಿತ್ತು. ಒಂದು ಸಂಜೆ ಗುಳ್ಳೆ ಅಕ್ಕ ಹಳೆಯ ಸೂಟೊಂದನ್ನು ನೆಲದ ಮೇಲೆ ಹರಡಿಕೊಂಡು, ಕತ್ತರಿ ಎಲ್ಲಿಡುವುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ತಮ್ಮನ ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಬಟ್ಟೆಯನ್ನು ಹಿಂಡಿ ನೋಡಿದಳು, ಅಂಚು ಮಡಚಿ ನೋಡಿದಳು, ಆಮೇಲೆ ಕತ್ತರಿ ಕಿತ್ತುಕೊಂಡಳು.

“ಇದನ್ನ ಚಿಕ್ಕದು ಮಾಡಕ್ಕಾಗಲ್ಲ ಅತ್ತಿಗೆ. ಪೂರ್ತಿ ಬಿಚ್ಚಿ ಹೊಸದಾಗೇ ಮಾಡ್ಬೇಕು. ನೋಡಿ, ಈ ಮನುಷ್ಯನ ಒಂದು ತೊಡೆ ಇದ್ರೆ ನಮ್ಮ ಮಗಳ ಎದೆ ಬೆನ್ನು ಎರಡೂ ಆಗುತ್ತೆ.”

ಹಾಗೇ ಆಯಿತು. ಒಂದು ದೊಡ್ಡ ಸೂಟಿನಿಂದ ಎರಡು ಮಕ್ಕಳ ಸೂಟು ಹೊರಟವು. ಯಂತ್ರಕ್ಕೆ ಕೊಟ್ಟರೆ ಸೂಜಿ ಆರುಪಾರು ಹಾದು ತೂತಿಗೊಂದು ಹನಿಯಂತೆ ನೀರು ಬರುತ್ತದೆ ಎಂದು ಗೊತ್ತಾದಾಗ ಅವಳು ಕೈಹೊಲಿಗೆಗೆ ಇಳಿದಳು. ಅಂಚಿಗೆ ಅಂಟು ಸವರಿ ಜೋಡಿಸಿ, ಸೂಜಿ ಬಟ್ಟೆಯ ಅರ್ಧ ದಪ್ಪಕ್ಕಷ್ಟೇ ಹೋಗಿ ತಿರುಗಿ ಬರುವ ಹಾಗೆ ಒಂದೊಂದೇ ಹೊಲಿಗೆ. ಪರದೆಯ ಕೆಲಸ ಕೊಟ್ಟವರು ಕಾದರು. ತಮ್ಮ ಡ್ಯೂಟಿ ಮುಗಿಸಿ ಬಂದು, ಮನೆಯಲ್ಲಿ ಕಪ್ಪು ಕಾಲು, ಕಪ್ಪು ಕೈ ಅಲ್ಲಲ್ಲಿ ಬಿದ್ದಿರುವುದನ್ನು ನೋಡಿ, ಯಾರನ್ನು ಕಡಿದು ಹಾಕಿದಿರಿ ಎಂದು ಕೇಳಿ, ತಾನೇ ಅನ್ನಕ್ಕಿಟ್ಟ.

ಪಿಟೀಲು ಇದನ್ನೆಲ್ಲ ದೂರದಿಂದಲೇ ನೋಡುತ್ತಿದ್ದಳು. ಯಾರೂ ಅವಳನ್ನು ಕರೆಯಲಿಲ್ಲ, ಪುಸಲಾಯಿಸಲಿಲ್ಲ. ಅಳತೆಗೆಂದು ನಿಲ್ಲಿಸಿದರೆ ನಿಲ್ಲುತ್ತಿದ್ದಳು, ಮುಗಿದೊಡನೆ ಓಡುತ್ತಿದ್ದಳು. ಆದರೆ ಅತ್ತೆ ಆಮೆಯಾದ ಕಥೆಯನ್ನು ಮಾತ್ರ ಮತ್ತೆ ಮತ್ತೆ ಹೇಳಿಸಿಕೊಂಡಳು. ನಿಮ್ಮ ಬಾಯಿಗೂ ನೀರು ಹೋಯಿತೇ, ನಿಮಗೂ ಚಳಿಯಾಯಿತೇ, ನೀವು ಅತ್ತಿರಾ ಎಂದೆಲ್ಲ ಕೇಳಿದಳು. ಮೊದಲೆರಡಕ್ಕೂ ಹೌದು ಎಂದು ಉತ್ತರ ಬಂತು. ಕೊನೆಯದಕ್ಕೆ ಗುಳ್ಳೆ ಅಕ್ಕ, ಮಾಸ್ಕಿನೊಳಗೆ ಹೇಗೂ ನೀರಿತ್ತು, ಅತ್ತೆನೋ ಇಲ್ಲವೋ ಯಾರಿಗೆ ಗೊತ್ತು ಎಂದಳು. ಪಿಟೀಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ, ಬಾಗಿಲಿಗೆ ಒರಗಿ ನಿಂತು ಕೇಳಿದಳು.

“ಅತ್ತೆ, ನೀವೂ ಜೊತೆಗೆ ಬರ್ತೀರಾ?”

“ನೀನು ಕರೆದ್ರೆ ಬರ್ತೀನಿ.”

“ಆನೆ ಸೂಟಲ್ಲಿ ಬೇಡ. ನಿಮ್ದೇ ಅಳತೇದು ಹಾಕ್ಕೊಳ್ಳಿ.”

ಒಂದು ಭಾನುವಾರ ಬೆಳಿಗ್ಗೆ ಅವರು ಕೊಳಕ್ಕೆ ಹೋದರು. ತಮ್ಮನ ಹೆಂಡತಿ ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು, ಕೂತ ಮರುಕ್ಷಣ ಎದ್ದು ನಿಂತಳು. ಪಿಟೀಲಿಗೆ ಟೀಚರ್, ಗುಳ್ಳೆ ಅಕ್ಕನಿಗೆ ಆನೆ ಡೈವರ್. ಅವನು ತನ್ನ ಸೂಟು ಒಣಗಿಸಿ ವಾಪಸು ಪಡೆದುಕೊಂಡ ಖುಷಿಯಲ್ಲಿದ್ದ. ಟೀಚರ್ ಇನ್ನೊಂದು ಸಲ ಹೇಳಿದಳು: ಉಸಿರು ಹಿಡಿಯಬಾರದು, ಎಳೆಯುತ್ತ ಬಿಡುತ್ತ ಇರಬೇಕು, ಬೇಡ ಅನಿಸಿದರೆ ಹೆಬ್ಬೆರಳು ಮೇಲೆ ಮಾಡಬೇಕು, ಕೂಡಲೇ ಮೇಲೆ ಬರೋಣ, ಯಾರೂ ಬಯ್ಯುವುದಿಲ್ಲ.

ಪಿಟೀಲು ನೀರಿಗಿಳಿದು ಮೊದಲು ಹಿಂದಕ್ಕೆ ಬಾಗಿ ನೋಡಿದಳು. ಮಗುಚಲಿಲ್ಲ. ಕುಪ್ಪಳಿಸಿದಳು. ಜಾಕೆಟ್ಟು ಇದ್ದಲ್ಲೇ ಇತ್ತು. ಆಮೇಲೆ ತಾನೇ ತಲೆಯನ್ನು ಒಳಗೆ ಹಾಕಿದಳು.

ಗುಳ್ಳೆ ಅಕ್ಕನೂ ಹಿಂದೆಯೇ ಇಳಿದಳು. ನೀಲಿ ಹಂಚುಗಳ ಮೇಲೆ ಇಬ್ಬರೂ ಮಂಡಿಯೂರಿ ಎದುರುಬದುರು ಕೂತರು. ತನ್ನ ಉಸಿರಿನ ಸದ್ದೊಂದೇ ಕೇಳುವ ಆ ನಿಶ್ಶಬ್ದದಲ್ಲಿ ಅವಳಿಗೆ ಮೊದಲ ಸಲ ಮಗುವಿನ ಮುಖ ನಿಧಾನವಾಗಿ ಕಂಡಿತು. ಮಾಸ್ಕಿನ ಹಿಂದೆ ಕಣ್ಣುಗಳು ಅಗಲವಾಗಿದ್ದವು. ಭಯದ ಅಗಲವಲ್ಲ. ಪಿಟೀಲು ನಕ್ಕಳು, ಕೆನ್ನೆ ಮಡಿಕೆಯಾದ ಕಡೆಯಿಂದ ಮಾಸ್ಕಿನೊಳಗೆ ನೀರು ಜಿನುಗಿತು. ಗುಳ್ಳೆ ಅಕ್ಕ ಹಿಡಿದುಕೊಳ್ಳಲು ಕೈ ಚಾಚಿದಳು. ಪಿಟೀಲು ಮಾತ್ರ ಟೀಚರ್ ಕಲಿಸಿದಂತೆ ಮಾಸ್ಕಿನ ಮೇಲಂಚನ್ನು ಒತ್ತಿ, ಮೂಗಿನಿಂದ ಫೂ ಎಂದು ಊದಿ, ನೀರನ್ನು ಹೊರಗಟ್ಟಿ, ಮತ್ತೆ ನಕ್ಕಳು. ಮತ್ತೆ ನೀರು ಬಂತು. ಮತ್ತೆ ಊದಿದಳು. ನಗುವ ಮಕ್ಕಳಿಗೆ ಸೋರದ ಮಾಸ್ಕು ಎಲ್ಲೂ ಸಿಗುವುದಿಲ್ಲ ಎಂದು ಗುಳ್ಳೆ ಅಕ್ಕ ಅಲ್ಲೇ ತೀರ್ಮಾನಿಸಿದಳು.

ಮೇಲೆ ಬಂದ ಮೇಲೆ ಪಿಟೀಲು ಅಮ್ಮನ ಬಳಿ ಓಡಿ ಹೋಗಿ ಏನೇನೋ ಹೇಳತೊಡಗಿದಳು, ಮುಗಿಯುವ ಲಕ್ಷಣವೇ ಕಾಣಲಿಲ್ಲ. ಒದ್ದೆ ಮಗುವನ್ನು ಅಪ್ಪಿಕೊಂಡು ತಾನೂ ಒದ್ದೆಯಾದ ತಾಯಿ ಮಗಳ ತಲೆಯ ಮೇಲಿಂದ ಅತ್ತಿಗೆಯ ಕಡೆ ನೋಡಿ, ಕಂಕುಳ ಬಳಿ ಸ್ವಲ್ಪ ಬಿಗಿಯಾಯಿತು, ಬಿಚ್ಚಿ ಇನ್ನೊಂದು ಬೆರಳು ಬಿಡಬೇಕು ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಯಾರೂ ಕೇಳಿರಲಿಲ್ಲ.

ರಜೆಯ ಆ ತಿಂಗಳು ಕೊಳದಲ್ಲಿ ಮಕ್ಕಳ ಪಾಠ ನಡೆಯಿತು. ಒಂದು ಮಗುವಿಗೆ ತಲೆ ದೊಡ್ಡದು, ಇನ್ನೊಂದಕ್ಕೆ ಪಾದ ಪುಟ್ಟದು, ಮತ್ತೊಂದಕ್ಕೆ ಚಳಿ ಬೇಗ. ಗುಳ್ಳೆ ಅಕ್ಕ ಒಂದೊಂದೇ ಬದಲಾಯಿಸುತ್ತ ಹೋದಳು, ಬದಲಾಯಿಸಿದ್ದನ್ನೆಲ್ಲ ಟೀಚರ್ ತಾನು ಒಮ್ಮೆ ನೋಡಿ ಒಪ್ಪಿದ ಮೇಲೆಯೇ ಮಗುವಿನ ಮೈಗೇರಿಸಿದಳು. ಗುಳ್ಳೆ ಅಕ್ಕನಿಗೂ ಪಾಠ ನಿಲ್ಲಲಿಲ್ಲ. ಮಕ್ಕಳು ಹೋದ ಮೇಲೆ ಅವಳದು. ಮಳೆಗಾಲ ಕಳೆದು ನೀರು ತಿಳಿಯಾದಾಗ ಟೀಚರ್ ಅವಳನ್ನು ದೋಣಿಯಲ್ಲಿ ಕೂರಿಸಿಕೊಂಡು ಸಮುದ್ರಕ್ಕೂ ಕರೆದೊಯ್ದಳು. ಬಂದವಳನ್ನು ಮನೆಯವರೆಲ್ಲ ಸುತ್ತುಗಟ್ಟಿದರು. ಬಂಡೆಯ ಸಂದಿಯಲ್ಲಿ ಹಳದಿ ಪಟ್ಟೆಯ ಮೀನೊಂದು ನನ್ನನ್ನೇ ನೋಡುತ್ತಿತ್ತು, ನಾನೂ ಅದನ್ನೇ ನೋಡುತ್ತಿದ್ದೆ, ಇಬ್ಬರಿಗೂ ಕೆಲಸವಿರಲಿಲ್ಲ ಎಂದಳು. ತನಗೂ ಸಮುದ್ರ ಬೇಕು ಎಂದು ಪಿಟೀಲು ರಾಗ ತೆಗೆದಳು. ಸೂಟು ಹೊಲಿಯಬಹುದು, ವಯಸ್ಸು ಹೊಲಿಯಲಾಗುವುದಿಲ್ಲ, ಇನ್ನೂ ಬೆಳೆದು ಬಾ ಎಂದು ಉತ್ತರ ಸಿಕ್ಕಿತು.

ಮುಂದಿನ ರಜೆ ಬರುವಷ್ಟರಲ್ಲಿ ಪಿಟೀಲಿಗೆ ಹಲ್ಲು ಬಂದು ಸೂಟು ಗಿಡ್ಡವಾಗಿತ್ತು. ಅದನ್ನು ಅವಳ ಶಾಲೆಯ ಒಬ್ಬ ಹುಡುಗಿಗೆ ಕೊಟ್ಟರು. ಮಾತೇ ಆಡದ, ಯಾರ ಕೈಯೂ ಹಿಡಿಯದ ಮಗು ಅದು. ನೀರಿನೊಳಗೆ ಟೀಚರ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು, ಮೇಲೆ ಬಂದ ಮೇಲೆ ಸೂಟು ಬಿಚ್ಚಲು ಒಪ್ಪಲಿಲ್ಲ. ಅಮ್ಮ ಹೇಳಿ ಸೋತಳು. ಗುಳ್ಳೆ ಅಕ್ಕ ಬಂದು ನೋಡಿ, ಸೀಸವನ್ನೂ ಸಿಲಿಂಡರನ್ನೂ ತೆಗೆದಿಟ್ಟು, ಸೂಟು ಮನೆಗೇ ಹೋಗಲಿ ಬಿಡಿ ಎಂದಳು. ಆ ಮಗು ಕಪ್ಪು ರಬ್ಬರಿನ ಸೂಟಿನಲ್ಲೇ ಅಮ್ಮನ ಸ್ಕೂಟರಿನ ಹಿಂದೆ ಕೂತು, ಪೇಟೆಯ ಬೀದಿಯಲ್ಲಿ ಎಲ್ಲರೂ ತಿರುಗಿ ನೋಡುವಂತೆ ಹೋಯಿತು. ತಿರುವಿನಲ್ಲಿ ಒಂದು ಸಲ ಕೈ ಎತ್ತಿ ಬೀಸಿತು.